ಗುರುವಾರಕ್ಕೆ ಬಂದ ರವಿವಾರ

ಪುಣೆಯ ಭೋಸರಿಯಲ್ಲಿ ದುಡಿಯುವವರಿಗೆ ವಾರದ ರಜೆ ಗುರುವಾರ. ಊರಿನವರಿಗೆ ಇದನ್ನು ಎರಡೆರಡು ಸಲ ಬಿಡಿಸಿ ಹೇಳಬೇಕಾಗುತ್ತದೆ. ಈ ಭಾಗದಲ್ಲಿ ವಿದ್ಯುತ್ ನಿಲುಗಡೆಯ ದಿನ ಗುರುವಾರ, ಹಾಗಾಗಿ ಎಂಐಡಿಸಿಯ ಕಾರ್ಖಾನೆಗಳು ಬಾಗಿಲು ಹಾಕುವುದೂ ಅಂದೇ. ಹಿಂಜವಡಿಯ ಐಟಿ ಹುಡುಗರು ಶನಿವಾರ ಲೋಣಾವಳದ ಕಡೆ ಬೈಕು ತಿರುಗಿಸುವಾಗ ನಾವು ಮರುದಿನದ ಡಬ್ಬಿಗೆ ಏನು ಪಲ್ಯ ಎಂದು ಯೋಚಿಸುತ್ತಿರುತ್ತೇವೆ. ರವಿವಾರ ಬೆಳಿಗ್ಗೆ ಎಂಟಕ್ಕೆ ನಾನು ಕ್ವಾಲಿಟಿ ವಿಭಾಗದ ಮೇಜಿನ ಮುಂದೆ ಮೈಕ್ರೋಮೀಟರ್ ಹಿಡಿದು ಗೇರಿನ ಬಿಡಿಭಾಗಗಳ ತಪ್ಪು ಹುಡುಕುತ್ತಿರುತ್ತೇನೆ. ಬೇರೆಯವರಿಗೆ ಇದು ಬರೀ ಅನಾನುಕೂಲ. ನಾನು ಬೆಟಗೇರಿಯ ಕ್ರೈಸ್ತ ಮನೆತನದವನು. ನನಗೆ ಇದು ಹದಿನೈದು ವರ್ಷಗಳಿಂದ ಒಳಗೇ ಕೊರೆಯುವ ವಿಷಯ. ರವಿವಾರ ಚರ್ಚಿಗೆ ಹೋಗದವನನ್ನು ನಮ್ಮ ಓಣಿಯಲ್ಲಿ ಯಾರೂ ಬೈಯುವುದಿಲ್ಲ, "ಹುಷಾರಿದ್ದಿಲ್ಲೇನು?" ಎಂದು ಕೇಳುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ಗುಡ್ ಫ್ರೈಡೇ ಹೇಗೋ ಸಂಭಾಳಿಸಬಹುದು. ಈಸ್ಟರ್ ಮಾತ್ರ ಪ್ರತಿ ವರ್ಷ ರವಿವಾರವೇ ಬರುತ್ತದೆ, ಅಂದರೆ ನನಗೆ ಪ್ರತಿ ವರ್ಷ ಕೆಲಸದ ದಿನವೇ ಬರುತ್ತದೆ. 2022ರಲ್ಲಿ ಅದು ಏಪ್ರಿಲ್ 17. ಕೊರೊನಾದ ಎರಡು ವರ್ಷ ಮೊಬೈಲಿನಲ್ಲೇ ಆರಾಧನೆ ನೋಡಿ ಬೇಸತ್ತಿದ್ದೆವು, ಈ ಸಲ ಹೆಂಡತಿ ಮಗಳ ಜೊತೆ ಚರ್ಚಿನ ಬೆಂಚಿನ ಮೇಲೆ ಕೂರಲೇಬೇಕು ಎಂದು ಹಟ ಹಿಡಿದಿದ್ದೆ. ಹೊಸ ಆರ್ಥಿಕ ವರ್ಷದ ಮೊದಲ ತಿಂಗಳು, ರಜೆ ಕೇಳಿದರೆ ಸಿಗುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಶನಿವಾರ ಸಂಜೆ ನಮ್ಮ ವಿಭಾಗದ ಸಾಹೇಬರ ಮುಂದೆ ನಿಂತು, "ಆಯಿಲಾ ಬರಂ ನಾಹೀ" ಅಂದೆ. ಅವ್ವಗೆ ಹುಷಾರಿಲ್ಲ, ಹುಬ್ಬಳ್ಳಿ ಆಸ್ಪತ್ರೆಯಲ್ಲಿದ್ದಾಳೆ. ಸಾಹೇಬರು ಒಂದು ಮಾತೂ ಕೇಳದೆ ಸಹಿ ಹಾಕಿದರು.

ಅವರು ತಮ್ಮ ತಾಯಿಯನ್ನು ಹಿಂದಿನ ವರ್ಷ ಕೊರೊನಾದ ಎರಡನೇ ಅಲೆಯಲ್ಲಿ ಕಳೆದುಕೊಂಡಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಸೋಮವಾರ ಕೆಲಸಕ್ಕೆ ಹೋದಾಗ ಅವರು ನನ್ನ ಮೇಜಿನ ತನಕ ಬಂದು, "ಆಯಿ ಕಶೀ ಆಹೇ?" ಎಂದರು. ಮಂಗಳವಾರವೂ ಕೇಳಿದರು. ಬೇಕಾದರೆ ಇನ್ನೆರಡು ದಿನ ಹೋಗಿ ಬಾ, ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ ಎಂದರು.

ಈಸ್ಟರ್ ಸಂಜೆ ಫೋನಿನಲ್ಲಿ ಅವ್ವನಿಗೆ ಇದನ್ನು ತಮಾಷೆಯಂತೆ ಹೇಳಿದ್ದೆ. ಆಕೆ ನಗಲಿಲ್ಲ. "ಹಬ್ಬಕ್ಕ ಸುಳ್ಳು ಹೇಳಿ ರಜಾ ತಗೊಂಡಿ ಏನ? ಅದೂ ನನ್ನ ದವಾಖಾನಿಗೆ ಹಾಕಿ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನಗ ರಜಾ ಯಾವತ್ತ ಇರ್ತೈತಿ?" ಎಂದು ಕೇಳಿದಳು. ಗುರುವಾರ ಅಂದೆ. "ಕರ್ತನ ಕಡೇ ಊಟ ಯಾವತ್ತ ಆತು?" "ಗುರುವಾರ." "ಮತ್ತ ಗುರುವಾರಕ್ಕೇನಾಗೇತಿ? ಗುರುವಾರs ಓದೂಣು. ಎಲ್ಲಾರೂ ಕೂಡಿ ಓದೂಣು. ನಾಳಿ ಹೋಗಿ ಆ ಸಾಹೇಬ್ರಿಗೆ ಖರೇ ಹೇಳು."

ಓದುವುದು ಆ ವಾರವೇ ಶುರುವಾಯಿತು. ಖರೇ ಹೇಳುವುದಕ್ಕೆ ಹತ್ತು ದಿನ ಬೇಕಾಯಿತು. ಮೊದಲ ಗುರುವಾರ ಅಧ್ಯಾಯ ಮುಗಿದ ಮೇಲೆ ಅವ್ವ ಎಲ್ಲರ ಮುಂದೆಯೇ "ಹೇಳಿದಿ?" ಎಂದಳು. ಇಲ್ಲ ಅಂದೆ. ಅಕ್ಕ, ತಮ್ಮ, ಭಾವ ಎಲ್ಲರೂ ಪರದೆಯ ತಮ್ಮ ತಮ್ಮ ಚೌಕದಲ್ಲಿ ಸುಮ್ಮನೆ ಕೂತಿದ್ದರು. ಹತ್ತನೇ ದಿನ ಸಾಹೇಬರ ಬಳಿ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ಈಸ್ಟರ್ ಹೋತಾ ತರ್ ತಸಂ ಸಾಂಗಾಯ್ಚಂ ನಾ," ಈಸ್ಟರ್ ಇದ್ದರೆ ಹಾಗೇ ಹೇಳಬೇಕಿತ್ತಲ್ಲ, ಎಂದಷ್ಟೇ ಅಂದು ಫೈಲಿನ ಕಡೆ ತಿರುಗಿದರು. ಆಮೇಲೆ "ಆಯಿ ಕಶೀ ಆಹೇ" ಎಂದು ಕೇಳುವುದನ್ನು ನಿಲ್ಲಿಸಿದರು.

ಇನ್ನು ಓದಿನ ವಿಷಯ. ರಾತ್ರಿ ಎಂಟೂವರೆಗೆ ಕೂಡುತ್ತೇವೆ. ಬೆಟಗೇರಿಯಲ್ಲಿ ಅವ್ವ, ಹುಬ್ಬಳ್ಳಿಯಲ್ಲಿ ಅಕ್ಕ ಭಾವ, ಬೆಂಗಳೂರಲ್ಲಿ ತಮ್ಮನ ಮನೆಯವರು, ಮಸ್ಕತ್‌ನಿಂದ ಒಬ್ಬ ಕಾಕಾನ ಮಗ. ನನ್ನ ಹೆಂಡತಿ ನರ್ಸ್. ಅವಳ ಪಾಳಿ ಹೊಂದಿದರೆ ಅವಳೂ ಇರುತ್ತಾಳೆ. ವಾರಕ್ಕೊಂದು ಅಧ್ಯಾಯ, ಒಬ್ಬರು ಓದುವುದು, ಉಳಿದವರು ಕೇಳುವುದು. ಪ್ರಸಂಗ ಇಲ್ಲ, ವ್ಯಾಖ್ಯಾನ ಇಲ್ಲ. ಅದು ಅವ್ವನ ಕರಾರು. ಕೊನೆಗೆ ಭಾವನವರದು ಪ್ರಾರ್ಥನೆ. ಭಾವನವರು ಪ್ರಾರ್ಥನೆಗೆ ನಿಂತರೆ ಆದಾಮನಿಂದ ಹಿಡಿದು ಗ್ರಾಮ ಪಂಚಾಯ್ತಿ ತನಕ ಯಾರನ್ನೂ ಬಿಡುವವರಲ್ಲ. ಆದರೆ ಝೂಮ್‌ನ ಪುಕ್ಕಟೆ ಖಾತೆ ನಲವತ್ತು ನಿಮಿಷಕ್ಕೆ ಕಡಿದುಹೋಗುತ್ತದೆ. ಎರಡು ಸಲ ಅವರು "ಆಮೆನ್" ಅನ್ನುವ ಮೊದಲೇ ಪರದೆ ಕಪ್ಪಾಯಿತು. ಈಗ ಐದು ನಿಮಿಷದಲ್ಲಿ ಮುಗಿಸುತ್ತಾರೆ. ಸಭೆಯ ಅಯ್ಯನವರಿಂದಲೂ ಆಗದ ಕೆಲಸ ಇದು ಎಂದು ಅಕ್ಕ ನಗುತ್ತಾಳೆ.

ಗಟ್ಟಿಯಾಗಿ ಓದುವುದು ನಮಗೆ ಹೊಸದಲ್ಲ. ಗದಗ ಎಂದರೆ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಎಂದು ನಂಬುವ ಊರು. ಶ್ರಾವಣ ಬಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದಬೇಕು, ನೂರು ಮಂದಿ ಕೇಳಬೇಕು. ಆ ಗಾಳಿಯಲ್ಲೇ ನಮ್ಮ ಹಿರಿಯರೂ ಸತ್ಯವೇದ ಓದುವುದನ್ನು ಕಲಿತದ್ದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಮ್ಮ ಬೆಟಗೇರಿ ಮುಟ್ಟಿದರು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದವರು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂದದ್ದೂ ಅದೇ ಮಿಷನ್ನಿನ ಪುಸ್ತಕದಂಗಡಿಯ ಹೆಸರಲ್ಲಿ. ಬಂದವರ ಉದ್ದೇಶ ಧರ್ಮಪ್ರಚಾರವೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಜನ ಮನೆಯಲ್ಲಿ ಯಾವ ಮಾತು ಆಡುತ್ತಾರೋ ಅದರಲ್ಲಿ ಓದಿದರೇ ಒಳಗೆ ಇಳಿಯುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ನಮ್ಮಪ್ಪ ಗದಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಕ್ಷರವನ್ನು ಉಲ್ಟಾ ಓದುವುದು ಅವರಿಗೆ ನೆಟ್ಟಗೆ ಓದಿದಷ್ಟೇ ಸಲೀಸು. ಊಟಕ್ಕೆ ಮೊದಲು ಒಂದು ಅಧ್ಯಾಯ ಓದಿಸುತ್ತಿದ್ದರು, ಒಂದು ಒತ್ತಕ್ಷರ ನುಂಗಿದರೆ ಸಾಲು ಮೊದಲಿನಿಂದ.

ತಮ್ಮ ಲೆಕ್ಕದ ಮನುಷ್ಯ. ಎರಡನೇ ವಾರಕ್ಕೇ ಲೆಕ್ಕ ಹಾಕಿದ. ಬೈಬಲಿನಲ್ಲಿ ಒಟ್ಟು 1189 ಅಧ್ಯಾಯ. ವಾರಕ್ಕೊಂದರಂತೆ ಸುಮಾರು 23 ವರ್ಷ ಬೇಕು. ಅವ್ವಗೆ ಆಗ ಎಪ್ಪತ್ನಾಲ್ಕು. ಹೇಳಿದ ಮೇಲೆ ತಾನು ಏನು ಹೇಳಿಬಿಟ್ಟೆ ಎಂದು ಅವನಿಗೇ ಹೊಳೆಯಿತು. ಯಾರೂ ಮಾತಾಡಲಿಲ್ಲ. ಅವ್ವ ಮಾತ್ರ, "ಮುಗಸೂದು ನನ್ನ ಕೆಲಸ ಅಲ್ಲ. ನಾ ಇರೂತನಕ ನನಗ ಓದಿ ಹೇಳ್ರಿ, ಉಳದದ್ದು ನೀವು ನೋಡಿಕೊಳ್ರಿ," ಎಂದಳು. ಯಾವ ಪುಸ್ತಕದ ನಂತರ ಯಾವುದು ಎನ್ನುವುದನ್ನು ಆಕೆಯೇ ಆರಿಸುತ್ತಾಳೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆವು, ಹದಿನಾರೇ ಅಧ್ಯಾಯ ಎಂದು.

ಕಣ್ಣಿನ ಪೊರೆ ತೆಗೆಸಿದ ಮೇಲೂ ಅವ್ವನಿಗೆ ಸಣ್ಣಕ್ಷರ ಕಾಣಿಸುವುದಿಲ್ಲ. ಅಕ್ಕನ ಮಗ ಮೊಬೈಲಿನಲ್ಲಿ ಓದಿ ಹೇಳುವ ಆ್ಯಪ್ ಹಾಕಿಕೊಟ್ಟ. ಒಳ್ಳೆಯ ಕಂಠ, ತಪ್ಪಿಲ್ಲದ ಓದು. ಅವ್ವ ಎರಡು ದಿನ ಕೇಳಿ ಬಿಟ್ಟಳು. "ಆ ಹುಡುಗ ಛಲೋ ಓದ್ತಾನ. ಆದ್ರ ಅವಗ ಒಂದಿನಾನೂ ಕೆಮ್ಮು ಬರಂಗಿಲ್ಲ ನೋಡು." ಆಗ ನಾವೆಲ್ಲ ನಕ್ಕಿದ್ದೆವು.

ಮಗಳ ಸರದಿ ಬಂದದ್ದು ನಾಲ್ಕನೇ ವಾರ, ಮೇ ರಜೆಯಲ್ಲಿ. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಪುಣೆಯಲ್ಲಿ ಕನ್ನಡ ಕಲಿಸುವ ವ್ಯವಸ್ಥೆಯೇ ಇಲ್ಲ ಎನ್ನಲಾರೆ. ಕನ್ನಡ ಸಂಘ ದಶಕಗಳಿಂದ ಇದೆ, ಅದರ ಶಾಲೆ ಕಾಲೇಜುಗಳಿಗೆ ಕಾವೇರಿಯ ಹೆಸರೇ ಇದೆ. ಭೋಸರಿಯಿಂದ ಅಷ್ಟು ದೂರ ಹೋಗುವ ಮನಸ್ಸು ಮಾಡದ್ದು ನಾನು. ಇಂಗ್ಲಿಷಿನಲ್ಲಿ ಓದುತ್ತೇನೆ ಎಂದಳು, ಅಜ್ಜಿ ಒಪ್ಪಲಿಲ್ಲ. ಕೊನೆಗೆ ಅವಳೇ ಉಪಾಯ ಮಾಡಿ, ನನ್ನಿಂದ ಒಂದೊಂದೇ ಸಾಲು ಹೇಳಿಸಿಕೊಂಡು ಇಡೀ ಅಧ್ಯಾಯವನ್ನು ದೇವನಾಗರಿಯಲ್ಲಿ ಬರೆದುಕೊಂಡಳು.

ಮರಾಠಿ ಬರವಣಿಗೆಯಲ್ಲಿ ನಮ್ಮ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಅಧ್ಯಾಯವೋ, ಬಿತ್ತುವವನ ಸಾಮ್ಯ. ಒಳ್ಳೆಯ ನೆಲಕ್ಕೆ ಬಿದ್ದ ಬೀಜ ಬೆಳೆ ಕೊಡುವ ಜಾಗಕ್ಕೆ ಬಂದಾಗ ಮಗಳು ಗಂಭೀರವಾಗಿ "ಬೇಳೆ" ಎಂದು ಓದಿದಳು. ಮತ್ತೆ ಮುಂದೆಯೂ ಬೇಳೆ. ಅವ್ವನ ಚೌಕದಲ್ಲಿ ಮೊದಲು ಸೀರೆಯ ಸೆರಗು, ಆಮೇಲೆ ಮಾಳಿಗೆಯ ತೊಲೆ ಕಂಡಿತು. ಫೋನು ಒರಗಿಸಿಟ್ಟಿದ್ದ ಅಕ್ಕಿ ಡಬ್ಬಿ ಅಲ್ಲಾಡುವಷ್ಟು ನಗುತ್ತಿದ್ದಳು. "ಬಿತ್ತಿದ್ದು ಬೀಜ, ಬಂದದ್ದು ಬ್ಯಾಳಿ! ಛಲೋನ ಆತು ಬಿಡು, ನೇರ ಸಾರು ಮಾಡಾಕ ಬರ್ತೈತಿ." ಮಗಳ ಕಣ್ಣಲ್ಲಿ ನೀರು. ನಾನು ಸಮಾಧಾನ ಮಾಡಲು ಹೋದರೆ ನನ್ನನ್ನೇ ದಬಾಯಿಸಿದಳು, "ನೀನು ಯಾಕೆ ನಂಗೆ ಮೊದಲೇ ಕಲಿಸಲಿಲ್ಲ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲಿಸಲು ಹೊತ್ತಿರಲಿಲ್ಲ ಎಂದರೆ ಅದೂ ದವಾಖಾನೆಯ ಸುಳ್ಳಿನ ಜಾತಿಯದೇ.

ಅಕ್ಕ ಗದಗದಿಂದ ಅಂಕಲಿಪಿ ಕಳಿಸಿದಳು. ಅ ಅಂದರೆ ಅರಸ, ಆ ಅಂದರೆ ಆನೆ. ಗುರುವಾರ ಮಧ್ಯಾಹ್ನ ಒಂದು ತಾಸು ನಾವಿಬ್ಬರೂ ಕೂರುತ್ತಿದ್ದೆವು. ಅಕ್ಷರಗಳು ಬೇಗ ಬಂದವು, ಒತ್ತಕ್ಷರ ಸತಾಯಿಸಿದವು. "ತ" ಒತ್ತಿಗೂ "ನ" ಒತ್ತಿಗೂ ಇರುವ ವ್ಯತ್ಯಾಸವನ್ನು ವಿವರಿಸುವಾಗ ಇದನ್ನು ಕಂಡುಹಿಡಿದವರ ಮೇಲೆ ನನಗೇ ಸಿಟ್ಟು ಬಂದದ್ದುಂಟು. ದೀಪಾವಳಿ ಹೊತ್ತಿಗೆ ತಡವರಿಸುತ್ತ ಓದತೊಡಗಿದಳು.

ಆ ದೀಪಾವಳಿ ರಜೆಯ ಒಂದು ಗುರುವಾರ ಅವಳನ್ನು ಕೇಡಗಾಂವ್‌ಗೆ ಕರೆದೊಯ್ದೆ. ಪುಣೆಯಿಂದ ದೌಂಡ್ ಕಡೆ ಹೋಗುವ ರೈಲು ಮಾರ್ಗದಲ್ಲಿದೆ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವ ಊರು. ಮಹಾರಾಷ್ಟ್ರದವರು ಆಕೆಯನ್ನು ತಮ್ಮವಳೆನ್ನುತ್ತಾರೆ, ಅದು ನ್ಯಾಯವೂ ಹೌದು. ಆದರೆ 1858ರಲ್ಲಿ ಆಕೆ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂದು ಸ್ವಂತದವರ ವಿರೋಧ ಕಟ್ಟಿಕೊಂಡವರು. ಆ ಕುಟುಂಬ ಊರೂರು, ಕ್ಷೇತ್ರ ಕ್ಷೇತ್ರ ಅಲೆಯುತ್ತ ಗುಡಿಗಳಲ್ಲಿ ಪುರಾಣ ಓದಿ ಹೇಳಿ ಬದುಕಿತು. ಹುಡುಗಿ ರಮಾಬಾಯಿಯೂ ಓದುತ್ತಿದ್ದಳು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಅಣ್ಣ ತಂಗಿ ಅಲೆಯುತ್ತ ಕೋಲ್ಕತ್ತ ಸೇರಿದಾಗ 1878ರಲ್ಲಿ ಅಲ್ಲಿಯ ವಿದ್ವಾಂಸರು ಆಕೆಯನ್ನು ಪಂಡಿತಾ, ಸರಸ್ವತಿ ಎಂದು ಕರೆದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದದ್ದು, ಅದಕ್ಕೆ ಪುಣೆಯಲ್ಲಿ ಎದ್ದ ಗದ್ದಲ, ಬರದಲ್ಲಿ ಅನಾಥರಾದ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದು ಮುಕ್ತಿಯಲ್ಲಿ ಇಟ್ಟುಕೊಂಡದ್ದು, ಇದೆಲ್ಲ ಬಹಳ ಕಡೆ ಬರೆದಿದ್ದಾರೆ. ಕಲಬುರಗಿಯಲ್ಲೂ ಒಂದು ಶಾಲೆ ತೆರೆದು ಮಗಳು ಮನೋರಮಾಗೆ ವಹಿಸಿದ್ದರು ಎನ್ನುವುದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ.

ನಾನು ಮಗಳಿಗೆ ಹೇಳಬೇಕೆಂದಿದ್ದದ್ದು ಕೊನೆಯ ಭಾಗ. ರಮಾಬಾಯಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಆಗಲೇ ಇದ್ದ ಮರಾಠಿ ಅನುವಾದ ಹಳ್ಳಿಯ ಹೆಂಗಸರಿಗೆ ತಿಳಿಯುವಂತಿಲ್ಲ ಎನ್ನುವುದು ಅವರ ತಕರಾರು. 1921ರಲ್ಲಿ ಮಗಳು ತೀರಿಕೊಂಡಳು. ಆಮೇಲೂ ಕೆಲಸ ಬಿಡಲಿಲ್ಲ, ಮುಗಿಸಿ 1922ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು. ಅಚ್ಚಿನ ಕೆಲಸವನ್ನು ಮುಕ್ತಿಯ ಹೆಂಗಸರೇ ಮಾಡಿದರು. ಬಹುಮಟ್ಟಿಗೆ ಅಲ್ಲಿಗೆ ಬಂದ ಮೇಲೆಯೇ ಅಕ್ಷರ ಕಲಿತವರು. ಮಗಳು ಅಷ್ಟು ಹೊತ್ತು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದವಳು ಈ ಮಾತಿಗೆ ಮಾತ್ರ ತಿರುಗಿದಳು. "ಅಜ್ಜನ ತರ ಮೊಳೆ ಜೋಡಿಸ್ತಿದ್ರಾ? ಉಲ್ಟಾ ಓದೋದು ಬರ್ತಿತ್ತಾ ಅವರಿಗೆ?" ಬರಲೇಬೇಕಲ್ಲ ಅಂದೆ. ವಾಪಸು ಬರುವಾಗ ವಡಾಪಾವ್ ಕಾಗದದ ಮೇಲಿನ ಮರಾಠಿಯನ್ನು ಉಲ್ಟಾ ಹಿಡಿದು ಓದಲು ನೋಡುತ್ತಿದ್ದಳು.

ನಮ್ಮ ಓದಿಗೆ ಹೊರಗಿನವರು ಎಂದರೆ ಪಕ್ಕದ ಮನೆಯ ವಿಜಯಪುರದ ಅಕ್ಕಾರು ಒಬ್ಬರೇ. ಲಿಂಗಾಯತರು, ಕೊರಳಲ್ಲಿ ಕರಡಿಗೆ. ಗಂಡ ಕಟ್ಟಡದ ಕೆಲಸದ ಮೇಸ್ತ್ರಿ. ಮೊಸರು ಕೇಳಲು ಬಂದವರು ಒಂದು ಗುರುವಾರ ಹೊಸ್ತಿಲಲ್ಲೇ ನಿಂತು ಕೇಳಿದರು. ಅಂದು ರೂತಳ ಪುಸ್ತಕ. ಬೆತ್ಲೆಹೇಮಿನಲ್ಲಿ ಬರ ಬಿದ್ದು ನೊವೊಮಿಯ ಸಂಸಾರ ಪರದೇಶಕ್ಕೆ ಹೋಗುತ್ತದೆ. ಗಂಡನೂ ಗಂಡುಮಕ್ಕಳೂ ಅಲ್ಲೇ ತೀರಿಹೋಗಿ, ಆಕೆ ಸೊಸೆಯೊಬ್ಬಳ ಜೊತೆ ಬರಿಗೈಲಿ ಊರಿಗೆ ಮರಳುತ್ತಾಳೆ. "ದುಡಿಲಾಕ ಹ್ವಾದ ಮಂದಿ ಕಥಿ ಐತಲ್ಲರಿ ಇದು," ಎಂದು ಒಳಗೆ ಬಂದು ಕೂತರು. 1972ರ ಬರದಲ್ಲಿ ಅವರ ಮಾವ ಊರು ಬಿಟ್ಟವರಂತೆ. ನಾಲ್ಕು ವಾರ, ನಾಲ್ಕೂ ಅಧ್ಯಾಯಕ್ಕೆ ಬಂದರು. ಆ ಕಥೆ ಮುಗಿದ ಮೇಲೆ ಬರಲಿಲ್ಲ, ಕರೆಯಲೂ ನಮಗೆ ಸಂಕೋಚ. ಶ್ರಾವಣದಲ್ಲಿ ಅವರ ಮನೆಯಿಂದ ಪುರಾಣದ ದನಿ ಕೇಳುತ್ತದೆ, ಯೂಟ್ಯೂಬಿನದು.

ಇನ್ನು ಕೆಮ್ಮಿನ ಮಾತು. 2024ರ ಆರಂಭದಲ್ಲಿ ಒಂದು ಗುರುವಾರ ತಮ್ಮನ ಸರದಿ. ಕೀರ್ತನೆಗಳನ್ನು ಓದುತ್ತಿದ್ದ ದಿನಗಳು. ಅವನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಾನೆ, ಅಪ್ಪನ ದನಿ ಅವನಿಗೇ ಬಂದಿದೆ. ಅಂದು ಕೂಡ ಒಂದು ಅಕ್ಷರ ತಪ್ಪಲಿಲ್ಲ, ಬೇಗ ಮುಗಿಸಿದ. ಭಾವ ಪ್ರಾರ್ಥನೆಗೆ ಗಂಟಲು ಸರಿಮಾಡಿಕೊಂಡರು. ಅವ್ವ ತಡೆದಳು. "ಇನ್ನೊಮ್ಮಿ ಓದು." ತಮ್ಮ ನಕ್ಕು, ನೆಟ್‌ವರ್ಕ್ ಹೋಗಿತ್ತಾ ಎಂದ. "ನೆಟ್‌ವರ್ಕ್ ಛಲೋ ಐತಿ. ನೀ ಇನ್ನೊಮ್ಮಿ ಓದು." ಅವನು ಶುರು ಮಾಡಿದ. ಮೂರನೇ ವಚನಕ್ಕೆ ಅವನ ದನಿ ನಿಂತಿತು. ನೋಡಿದರೆ ಮೈಕ್ ತಾನೇ ಬಂದ್ ಮಾಡಿಕೊಂಡಿದ್ದ, ಬಾಯಿ ಮಾತ್ರ ಕಾಣುತ್ತಿತ್ತು. ಆಮೇಲೆ ಕ್ಯಾಮೆರಾವೂ ಬಂದ್ ಆಯಿತು.

ಅವನ ಕಂಪನಿಯಲ್ಲಿ ಜನ ಕಡಿಮೆ ಮಾಡಿದ್ದರು. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಮನೆ ಬಿಟ್ಟು ಮೆಟ್ರೋ ಹತ್ತುತ್ತಿದ್ದನಂತೆ, ಎಲ್ಲೋ ಕೂತು ಅರ್ಜಿ ಹಾಕಿ ಸಂಜೆ ಮನೆಗೆ ಬರುತ್ತಿದ್ದನಂತೆ. ಹೆಂಡತಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಾದದ್ದು ಅಂದೇ, ಆ ಕರೆಯಲ್ಲೇ, ಅವನ ಪಕ್ಕದಲ್ಲಿ ಕೂತಿದ್ದಾಗ. ಹಾಗೆ ಆಗಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಕೆಲವು ದಿನ ಅವರಿಬ್ಬರ ನಡುವೆ ಮಾತಿರಲಿಲ್ಲ. ಅವ್ವನಿಗೂ ಅದರ ನೋವಿತ್ತು. ಒಬ್ಬನನ್ನೇ ಕರೆದು ಕೇಳಬೇಕಿತ್ತು, ನಾ ದುಡುಕಿದೆ ಎಂದಳು. ಹೇಗೆ ಗೊತ್ತಾಯಿತವ್ವಾ ಎಂದರೆ, "ಅಂವಾ ಓದೂ ಮುಂದ ಉಸುರು ತಗೊಳ್ಳಲಿಲ್ಲ" ಎಂದಳು. ಅಷ್ಟೇ.

ಅವನಿಗೆ ಕೆಲಸ ಸಿಗಲು ಇನ್ನೂ ಐದು ತಿಂಗಳು ಹಿಡಿಯಿತು, ಮೊದಲಿನಷ್ಟು ಸಂಬಳವಿಲ್ಲ. ಆ ಐದು ತಿಂಗಳಲ್ಲಿ ಮನೆ ಸಾಲದ ಕಂತನ್ನು ನಾವು ಮೂವರು ಹಂಚಿಕೊಂಡೆವು. ಗುರುವಾರದ ಕರೆ ಇಲ್ಲದಿದ್ದರೆ ನಮಗೆ ಸುದ್ದಿ ಯಾವಾಗ ಮುಟ್ಟುತ್ತಿತ್ತೋ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನು ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುವುದನ್ನು ಆ ಎರಡು ತಿಂಗಳೂ ತಪ್ಪಿಸಿರಲಿಲ್ಲ.

ನನ್ನ ಸಾಹೇಬರ ವಿಷಯ ಅರ್ಧಕ್ಕೆ ಬಿಟ್ಟೆ. 2023ರಲ್ಲಿ ಈಸ್ಟರ್ ಏಪ್ರಿಲ್ 9ಕ್ಕೆ. ಒಂದು ತಿಂಗಳು ಮೊದಲೇ ಹೋಗಿ ಈಸ್ಟರ್ ಎಂದೇ ಹೇಳಿ ರಜೆ ಕೇಳಿದೆ, ಸಿಕ್ಕಿತು. ಬದಲಿಗೆ ಮುಂದಿನ ಗುರುವಾರ ಮೇಂಟೆನೆನ್ಸ್ ಪಾಳಿಗೆ ಬರಬೇಕು ಎಂದರು. ಆ ರಾತ್ರಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಕಿವಿಗೆ ತಂತಿ ಹಾಕಿಕೊಂಡು ಓದು ಕೇಳುತ್ತಿದ್ದೆ. ಸಾಹೇಬರು ಚಹಾ ತೆಗೆದುಕೊಂಡು ಬಂದು ಪರದೆ ಇಣುಕಿದರು. ಯಾರು ಎಂದರು. ಆಯಿ ಎಂದೆ. ಸ್ವಲ್ಪ ಹೊತ್ತು ನೋಡಿ, ಬಗ್ಗಿ "ನಮಸ್ಕಾರ ಆಯಿ" ಎಂದರು. ಅವ್ವನಿಗೆ ಯಾರು ಎಂದು ತಿಳಿಯಲಿಲ್ಲ. "ಊಟ ಆತೇನ್ರಿ?" ಎಂದಳು. ಊಟ ಎನ್ನುವುದು ಅವರಿಗೆ ಅರ್ಥವಾಯಿತು. ಈಗ ಮತ್ತೆ ಕೇಳುತ್ತಾರೆ, ದಿನಾ ಅಲ್ಲ, ಯಾವಾಗಲಾದರೊಮ್ಮೆ.

ಈಗ ನೂರೈವತ್ತು ಅಧ್ಯಾಯ ದಾಟಿದ್ದೇವೆ. ಮುಂದಿನದು ಪೂರ್ವಕಾಲವೃತ್ತಾಂತದ ಮೊದಲ ಭಾಗ. ಅದನ್ನು ಓದಿದವರಿಗೆ ಗೊತ್ತು, ಮೊದಲ ಒಂಬತ್ತು ಅಧ್ಯಾಯ ಬರೀ ಹೆಸರು. ಯಾರು ಯಾರ ಮಗ, ಅವನು ಯಾರ ಮಗ. ತಮ್ಮ ಲೆಕ್ಕ ಹೇಳಿದ, ಇದನ್ನು ಹಾರಿಸಿದರೆ ಎರಡು ತಿಂಗಳು ಉಳಿಯುತ್ತದೆ ಅವ್ವಾ. ಭಾವನವರೂ ಹೂಂಗುಟ್ಟಿದರು. ಅವ್ವ ಒಪ್ಪಲಿಲ್ಲ. "ಅವರೂ ಯಾರದೋ ಮನೀ ಮಂದಿ. ಹೆಸರು ಹಿಡದು ಕರೀರಿ, ಏನು ಹೋಗ್ತೈತಿ ನಿಮ್ಮದು?"

ಮೊದಲ ಅಧ್ಯಾಯದ ಸರದಿ ನನ್ನ ಮಗಳದು. ಅವಳಿಗೀಗ ಹತ್ತನೇ ಇಯತ್ತೆ, ಬೋರ್ಡ್ ಪರೀಕ್ಷೆಯ ವರ್ಷ. ಟ್ಯೂಷನ್ನಿನ ರಿಕ್ಷಾ ಬರುವ ತನಕ ಗೇಟಿನ ಬಳಿ ನಿಂತು ಮೊಬೈಲು ನೋಡುತ್ತ ಏನೋ ಗೊಣಗುತ್ತಿದ್ದಳು. ಸೂತ್ರ ಬಾಯಿಪಾಠ ಮಾಡುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ, ಆದಾಮ, ಸೇತ, ಎನೋಷ. ಎನೋಷನ "ಎ" ಗಿಡ್ಡದೋ ಉದ್ದದ್ದೋ ಎಂದು ಕೇಳಿದಳು. ಗಿಡ್ಡದು ಅಂದೆ. ಅನುಮಾನ ಹೋಗಲಿಲ್ಲ ಅಂತ ಕಾಣುತ್ತದೆ, ರಿಕ್ಷಾ ಹತ್ತುತ್ತಲೇ ಅಜ್ಜಿಗೆ ಫೋನು ಹಚ್ಚಿದಳು.